ಹೊಲಿಗೆ ಬಿದ್ದ ಮೇಲಿನ ದಿನಗಳು

ಕೇಳುಗರೆಲ್ಲರಿಗೂ ನಮಸ್ಕಾರ.

ಅಪೆಂಡಿಕ್ಸ್ ತೆಗೆಸಿಕೊಂಡವರನ್ನು ನೋಡಲು ಬಂಧುಗಳು ಬರುತ್ತಾರೆ, ಕಚೇರಿಯವರು ಮರುಮಾತಿಲ್ಲದೆ ರಜೆ ಕೊಡುತ್ತಾರೆ. ಹೊಟ್ಟೆಯ ಜೋಲುಚರ್ಮ ತೆಗೆಸಿಕೊಂಡವರು ಮಾತ್ರ ಎಲ್ಲಿಗೋ ಪ್ರವಾಸ ಹೋಗುತ್ತೇನೆಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಾರೆ. ಗಾಯದ ಅಳತೆ ನೋಡಿದರೆ ಎರಡನೆಯವರದೇ ಎಷ್ಟೋ ಪಾಲು ದೊಡ್ಡದು. ಒಂದು ಬದಿಯ ಸೊಂಟದಿಂದ ಇನ್ನೊಂದು ಬದಿಯ ಸೊಂಟದವರೆಗೆ ಕೊಯ್ದು, ಚರ್ಮವನ್ನು ಪಕ್ಕೆಲುಬಿನವರೆಗೂ ಬಿಡಿಸಿ, ಒಳಗಿನ ಸ್ನಾಯುಗಳನ್ನು ಹೊಲಿದು, ಮತ್ತೆ ಕೆಳಗೆಳೆದು ಕೂಡಿಸಿರುತ್ತಾರೆ. ಇಷ್ಟು ದೊಡ್ಡ ಗಾಯವನ್ನು ಹೊತ್ತವರು ನೋವನ್ನು ಯಾರಿಗೂ ಹೇಳದೆ, ಸಹಾಯವನ್ನು ಯಾರಿಂದಲೂ ಕೇಳದೆ ಮಲಗಿರುತ್ತಾರೆ. ಶುಶ್ರೂಷಕಿಯಾಗಿ ಇಂಥವರ ಹಾಸಿಗೆಯ ಪಕ್ಕದಲ್ಲಿ ನಿಂತು ಕೆಲಸ ಮಾಡಿದವಳು ನಾನು. ದೇಹದ ಆಕಾರ ತಿದ್ದುವ ಪ್ಲಾಸ್ಟಿಕ್ ಸರ್ಜರಿಯ ನಂತರದ ದಿನಗಳ ಬಗ್ಗೆ ಮಾತನಾಡಲು ಒಪ್ಪಿಕೊಂಡದ್ದೇ ಈ ಗುಟ್ಟಿನ ವಿರುದ್ಧ ನಾಲ್ಕು ಮಾತು ಹೇಳಬೇಕೆಂದು.

ಇದನ್ನು ಬರೀ ಶೋಕಿ ಎಂದು ತಳ್ಳಿಹಾಕುವವರಿಗೆ ಮೊದಲು ಒಂದು ಮಾತು. 40 ಅಥವಾ 50 ಕಿಲೋ ತೂಕ ಇಳಿಸಿದವರ ಚರ್ಮ ಕೊಬ್ಬು ಕರಗಿದಷ್ಟೂ ಕುಗ್ಗುವುದಿಲ್ಲ. ಮಡಿಕೆಗಳಲ್ಲಿ ಬೆವರು ನಿಂತು ಹುಣ್ಣಾಗುತ್ತದೆ, ನಡೆದರೆ ತೊಡೆಗೆ ತೊಡೆ ಉಜ್ಜುತ್ತದೆ. ಹೆರಿಗೆಯ ನಂತರ ಹೊಟ್ಟೆಯ ಮಧ್ಯದ ಎರಡು ಸ್ನಾಯುಪಟ್ಟಿಗಳು ಬೇರೆಯಾಗಿ ಉಳಿದ ತಾಯಂದಿರಿಗೆ ಭಾರ ಎತ್ತುವುದೇ ಕಷ್ಟ. 1899ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹೋವರ್ಡ್ ಕೆಲ್ಲಿ ಎಂಬ ಸ್ತ್ರೀರೋಗ ತಜ್ಞರು ಒಬ್ಬ ಮಹಿಳೆಯ ಹೊಟ್ಟೆಯಿಂದ ಏಳು ಕಿಲೋಗಿಂತ ಹೆಚ್ಚು ತೂಕದ ಚರ್ಮ ಮತ್ತು ಕೊಬ್ಬನ್ನು ತೆಗೆದದ್ದನ್ನು ದಾಖಲಿಸಿದ್ದಾರೆ. ಅಷ್ಟು ಭಾರವನ್ನು ಹೊಟ್ಟೆಗೆ ಕಟ್ಟಿಕೊಂಡು ದಿನವಿಡೀ ತಿರುಗುವವರನ್ನು ಶೋಕಿಯವರು ಎನ್ನಲು ನನಗಂತೂ ಬಾಯಿ ಬರುವುದಿಲ್ಲ. ರೂಪಕ್ಕಾಗಿಯೇ ಮಾಡಿಸಿಕೊಂಡರೂ ಗಾಯ ಗಾಯವೇ. ಅದಕ್ಕೆ ಬೇಕಾದ ಆರೈಕೆ ಕಡಿಮೆಯಾಗುವುದಿಲ್ಲ.

ಇನ್ನು ಮೊದಲ ದಿನದ ವಿಷಯ. ಹೊಟ್ಟೆಯ ಚರ್ಮ ಬಿಗಿಗೊಳಿಸಿದವರನ್ನು ನೆಟ್ಟಗೆ ಮಲಗಿಸುವುದಿಲ್ಲ. ಬೆನ್ನಿನ ಭಾಗ ಎತ್ತರಿಸಿ, ಮೊಣಕಾಲಿನ ಕೆಳಗೆ ದಿಂಬು ಕೊಟ್ಟು, ಸೊಂಟ ಮಡಿಸಿದ ಭಂಗಿಯಲ್ಲಿ ಇರಿಸುತ್ತೇವೆ. ಹೊಲಿಗೆಯ ಮೇಲಿನ ಎಳೆತ ಇದರಿಂದ ಕಡಿಮೆಯಾಗುತ್ತದೆ. ಎದ್ದಾಗಲೂ ಸುಮಾರು ಒಂದು ವಾರ, ಕೆಲವೊಮ್ಮೆ ಹತ್ತು ದಿನ, ಮುಂದಕ್ಕೆ ಬಾಗಿಯೇ ನಡೆಯಬೇಕಾಗುತ್ತದೆ. ನೇರವಾಗಿ ನಿಂತು ತೋರಿಸಬೇಕೆಂಬ ಹಟ ಬೇಡ. ಹಾಸಿಗೆಯಿಂದ ಏಳುವಾಗ ಹೊಟ್ಟೆಯ ಬಲದಿಂದ ಏಳಬಾರದು. ಮೊದಲು ಇಡೀ ದೇಹವನ್ನು ಮಗ್ಗುಲಿಗೆ ಹೊರಳಿಸಿ, ಕಾಲು ಕೆಳಗೆ ಇಳಿಬಿಟ್ಟು, ಕೈಯೂರಿ ಏಳಬೇಕು. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೆ ಅದುಮಿ ಹಿಡಿದು ಕೆಮ್ಮಬೇಕು.

ಆದರೆ ಏಳಲೇಬೇಕು. ಅದೇ ದಿನ ಸಂಜೆ, ಹೆಚ್ಚೆಂದರೆ ಮರುದಿನ ಬೆಳಿಗ್ಗೆ, ಯಾರಾದರೂ ತೋಳು ಹಿಡಿದು ನಾಲ್ಕು ಹೆಜ್ಜೆ ನಡೆಸಬೇಕು. ಮಲಗಿರಲು ಬಿಡಿ ಎಂದು ರೋಗಿಗಳು ಬೇಡಿಕೊಳ್ಳುತ್ತಾರೆ, ಮನೆಯವರು ನಮ್ಮ ಮೇಲೆ ಸಿಟ್ಟಾಗುತ್ತಾರೆ. ಆದರೂ ನಾವು ಎಬ್ಬಿಸುತ್ತೇವೆ. ಕಾರಣ, ಕಾಲಿನ ಒಳನಾಳಗಳಲ್ಲಿ ಹೆಪ್ಪುಗಟ್ಟುವ ರಕ್ತ. ರಕ್ತದ ಹರಿವು ನಿಧಾನವಾಗುವುದು, ರಕ್ತನಾಳದ ಗೋಡೆಗೆ ಪೆಟ್ಟಾಗುವುದು, ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಹೆಚ್ಚುವುದು ಎಂಬ ಮೂರು ಕಾರಣಗಳನ್ನು ವೈದ್ಯಲೋಕ ಇವತ್ತಿಗೂ ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಕೋ ಅವರ ಹೆಸರಿನಿಂದಲೇ ಕರೆಯುತ್ತದೆ. ದೊಡ್ಡ ಶಸ್ತ್ರಚಿಕಿತ್ಸೆಯಾದವರಲ್ಲಿ ಈ ಮೂರೂ ಒಟ್ಟಿಗೆ ಸೇರಬಹುದು. ಹೊಟ್ಟೆಯ ಸ್ನಾಯುಗಳನ್ನು ಬಿಗಿಯಾಗಿ ಹೊಲಿದಾಗ ಒಳಗಿನ ಒತ್ತಡ ಏರಿ, ಕಾಲಿನಿಂದ ಹೃದಯಕ್ಕೆ ಮರಳುವ ರಕ್ತದ ವೇಗ ಮತ್ತಷ್ಟು ತಗ್ಗುತ್ತದೆ. ಹೆಪ್ಪು ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಈ ಅಪಾಯ ಹೆಚ್ಚಾಗಿ ಕಾಣಿಸುವುದು ಹೊಟ್ಟೆಯದರಲ್ಲಿ, ಅದರಲ್ಲೂ ಅದರ ಜೊತೆ ಬೇರೆ ಭಾಗಗಳನ್ನೂ ಸೇರಿಸಿ ಮಾಡಿದಾಗ.

ಕಲೆ ಹೇಗೆ ಕಾಣುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಕಾಲಿನ ಬಗ್ಗೆ ಕೇಳುವವರು ಅಪರೂಪ. ಆದ್ದರಿಂದ ಇದನ್ನು ನಿಧಾನವಾಗಿ ಹೇಳುತ್ತೇನೆ. ಒಂದೇ ಕಾಲಿನ ಮೀನಖಂಡ ಊದಿಕೊಂಡು ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರುಗಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಬಂದರೆ ಬೆಳಗಾಗಲಿ ಎಂದು ಕಾಯಬಾರದು. ತಕ್ಷಣ ತುರ್ತು ಚಿಕಿತ್ಸೆಗೆ ಹೋಗಬೇಕು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ಈ ಅಪಾಯ ಕೆಲವು ವಾರ ಉಳಿದಿರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಚುಚ್ಚುಮದ್ದು ಬರೆದುಕೊಟ್ಟಿದ್ದರೆ, ಚೆನ್ನಾಗಿದ್ದೇನೆ ಎಂದುಕೊಂಡು ಅರ್ಧಕ್ಕೆ ನಿಲ್ಲಿಸಬಾರದು.

ಗುಟ್ಟಿನ ಮಾತಿಗೆ ಇಲ್ಲೇ ಮರಳುತ್ತೇನೆ. ಯಾರಿಗೂ ತಿಳಿಯಬಾರದೆಂದು ದೂರದ ಊರಿಗೋ ಬೇರೆ ದೇಶಕ್ಕೋ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಕೆಲವೇ ದಿನಗಳಲ್ಲಿ ಗಂಟೆಗಟ್ಟಲೆ ವಿಮಾನದಲ್ಲಿ ಕುಳಿತು ಮರಳುವವರಿದ್ದಾರೆ. ಕಾಲು ಅಲುಗಾಡಿಸದೆ ಕೂರುವುದೇ ಹೆಪ್ಪಿಗೆ ಆಹ್ವಾನ. ಮನೆಗೆ ಬಂದ ಮೇಲೆ ಜ್ವರ ಬಂದರೆ, ಗಾಯ ಬಿಚ್ಚಿಕೊಂಡರೆ, ಹೊಲಿಗೆ ಹಾಕಿದ ವೈದ್ಯರು ಸಾವಿರಾರು ಮೈಲಿ ದೂರದಲ್ಲಿರುತ್ತಾರೆ. ಒಂಟಿಯಾಗಿ ಇರುವವರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ತನ್ನ ಮೀನಖಂಡ ಊದಿದೆಯೇ ಎಂದು ಸೊಂಟ ಬಗ್ಗಿಸಿ ನೋಡಿಕೊಳ್ಳಲಾಗದವರ ಪರವಾಗಿ ನೋಡುವ ಇನ್ನೊಂದು ಜೊತೆ ಕಣ್ಣು ಬೇಕೇ ಬೇಕು.

ಆ ಇನ್ನೊಬ್ಬರಿಗೆ ಮನೆಯಲ್ಲಿ ಕೈತುಂಬ ಕೆಲಸವಿರುತ್ತದೆ. ಡ್ರೇನ್ ಎಂಬ ಸಣ್ಣ ಕೊಳವೆಗಳನ್ನೇ ನೋಡಿ. ಚರ್ಮದಡಿ ಸೇರುವ ದ್ರವವನ್ನು ಅವು ಹೊರಗೆಳೆಯುತ್ತವೆ. ತುದಿಯಲ್ಲಿ ಅದುಮಿದ ಬುರುಡೆ ಇರುತ್ತದೆ. ಅದನ್ನು ಹೊತ್ತಿಗೆ ಸರಿಯಾಗಿ ಖಾಲಿ ಮಾಡಿ, ಎಷ್ಟು ಮಿಲಿಲೀಟರ್ ಎಂದು ಬರೆದಿಟ್ಟು, ಗಾಳಿ ಹೊರಹಾಕಿ ಮತ್ತೆ ಅದುಮಿ ಮುಚ್ಚಬೇಕು. ಕೈ ತೊಳೆಯದೆ ಮುಟ್ಟುವಂತಿಲ್ಲ. ಮೊದಲು ಕೆಂಪಾಗಿ ಬರುವ ದ್ರವ ಬರಬರುತ್ತಾ ತಿಳಿಯಾಗಿ, ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. 24 ಗಂಟೆಗೆ ಸುಮಾರು 30 ಮಿಲಿಲೀಟರಿಗಿಂತ ಕಡಿಮೆಯಾದಾಗ ಹೆಚ್ಚಿನ ಶಸ್ತ್ರವೈದ್ಯರು ಕೊಳವೆ ತೆಗೆಯುತ್ತಾರೆ. ಬೇಸರವೆಂದು ಲೆಕ್ಕ ಬರೆಯದೆ ಬಿಟ್ಟರೆ ವೈದ್ಯರು ಕಣ್ಣು ಕಟ್ಟಿಕೊಂಡು ತೀರ್ಮಾನಿಸಬೇಕಾಗುತ್ತದೆ. ಕೊಳವೆ ತೆಗೆದ ಮೇಲೂ ಕೆಲವರಲ್ಲಿ ದ್ರವ ಸೇರಿಕೊಂಡು, ಮುಟ್ಟಿದರೆ ಅಲೆಯಾಡಿದಂತೆ ಆಗುತ್ತದೆ. ಇದು ಸೀರೋಮಾ. ಸೂಜಿಯಿಂದ ತೆಗೆಯುತ್ತಾರೆ, ಕೆಲವೊಮ್ಮೆ ಮತ್ತೆ ಮತ್ತೆ ತೆಗೆಯಬೇಕಾಗುತ್ತದೆ. ಬೇಸರ ತರಿಸುತ್ತದೆ, ಹೆದರುವಂಥದ್ದಲ್ಲ.

ಲೈಪೊಸಕ್ಷನ್ ಆದವರದು ಬೇರೆ ಬಗೆಯ ಗಾಬರಿ. ಕೊಬ್ಬು ಹೀರುವ ಮೊದಲು ಒಳಗೆ ತುಂಬಿದ ಔಷಧಿಯ ನೀರು ಮೊದಲ ಒಂದೆರಡು ದಿನ ಸಣ್ಣ ರಂಧ್ರಗಳಿಂದ ತಿಳಿಗೆಂಪಾಗಿ ಸೋರುತ್ತದೆ, ಹಾಸಿಗೆ ತೋಯುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ರಕ್ತವೆಲ್ಲ ಹರಿದುಹೋಯಿತೆಂದು ಮನೆಯವರು ಕಂಗಾಲಾಗುತ್ತಾರೆ. ನೀಲಿಗಟ್ಟಿದ ರಕ್ತ, ಊತ, ಎರಡೂ ಕೆಳಗಿಳಿಯುತ್ತವೆ. ಹೊಟ್ಟೆಗೆ ಮಾಡಿಸಿದವರಿಗೆ ಜನನಾಂಗ ಊದಿಕೊಳ್ಳಬಹುದು, ತೊಡೆಗೆ ಮಾಡಿಸಿದವರಿಗೆ ಪಾದದ ಗಂಟು ಊದಬಹುದು. ಇದನ್ನು ಹೇಳಲು ನಾಚಿ ರಾತ್ರಿಯಿಡೀ ಹೆದರಿ ಕುಳಿತವರನ್ನು ಕಂಡಿದ್ದೇನೆ. ನಾಚಿಕೆ ಬಿಟ್ಟು ಕೇಳಿ, ನಮಗೆ ಇದು ದಿನನಿತ್ಯದ ವಿಷಯ.

ಶಸ್ತ್ರಚಿಕಿತ್ಸೆಯಾದ ಭಾಗವನ್ನು ಒತ್ತಿ ಹಿಡಿಯುವ ಬಿಗಿಯುಡುಪನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ತೊಡಲು ಹೇಳುತ್ತಾರೆ. ಬಿಗಿಯಾಗಿದ್ದಷ್ಟೂ ಸೊಂಟ ಸಣ್ಣಗಾಗುತ್ತದೆ ಎಂದು ಒಂದಳತೆ ಚಿಕ್ಕದನ್ನು ತೊಡುವವರಿದ್ದಾರೆ. ಅದು ಚರ್ಮದ ರಕ್ತಸಂಚಾರವನ್ನೇ ತಡೆದೀತು. ಮಡಿಕೆ ಬಿದ್ದಲ್ಲಿ ಚರ್ಮ ಹುಣ್ಣಾಗುವುದೂ ಉಂಟು. ಇನ್ನೊಂದು ಎಚ್ಚರಿಕೆ: ಮೊದಲ ಸಲ ಸ್ನಾನಕ್ಕೆಂದು ಈ ಉಡುಪು ಬಿಚ್ಚಿದಾಗ ಕೆಲವರಿಗೆ ತಲೆ ತಿರುಗಿ ಕಣ್ಣು ಕತ್ತಲಿಡುತ್ತದೆ. ಕುಳಿತೇ ಬಿಚ್ಚಬೇಕು, ಸ್ನಾನದ ಮನೆಯ ಚಿಲಕ ಹಾಕಬಾರದು, ಹತ್ತಿರ ಯಾರಾದರೂ ಇರಬೇಕು.

ನೋವಿನ ಮಾತ್ರೆಗಳಲ್ಲಿ ಕೆಲವು ಮಲಬದ್ಧತೆ ತರುತ್ತವೆ. ಹೊಲಿದ ಹೊಟ್ಟೆ ಇಟ್ಟುಕೊಂಡು ತಿಣುಕುವುದು ಬಹಳ ಕಷ್ಟ. ಮೊದಲೇ ಮಲ ಸಡಿಲಿಸುವ ಔಷಧಿ ಕೇಳಿ ಪಡೆಯಿರಿ, ನೀರು ಸಾಕಷ್ಟು ಕುಡಿಯಿರಿ.

ಈಗ ಕನ್ನಡಿಯ ವಿಷಯ. ಇದರ ಬಗ್ಗೆ ಹೇಳುವಾಗ ನನಗೆ ಮನಸ್ಸು ಭಾರವಾಗುತ್ತದೆ. ಶಸ್ತ್ರಚಿಕಿತ್ಸೆಯಾದ ವಾರದಲ್ಲಿ ತೂಕ ನೋಡಿದರೆ ಮೊದಲಿಗಿಂತ ಹೆಚ್ಚು ತೋರಿಸಬಹುದು. ಮೈಯಲ್ಲಿ ನಿಂತ ನೀರು ಅದು. ಹೊಟ್ಟೆ ಉಬ್ಬಿ, ಒಂದು ಬದಿ ಇನ್ನೊಂದಕ್ಕಿಂತ ದಪ್ಪಗೆ ಕಂಡು, ಹೊಲಿಗೆ ಕೆಂಪಗೆ ಕೆರಳಿದಂತೆ ಇರುತ್ತದೆ. ಜೊತೆಗೆ ನಿದ್ದೆಯಿಲ್ಲ, ಬಾಗಿದ ಬೆನ್ನು ನೋಯುತ್ತಿದೆ, ಪ್ರತಿಯೊಂದಕ್ಕೂ ಇನ್ನೊಬ್ಬರ ಕೈ ಕಾಯಬೇಕು. ಇಷ್ಟೆಲ್ಲ ಸೇರಿ ಮೊದಲ ಎರಡು ವಾರಗಳಲ್ಲಿ ಬಹಳ ಮಂದಿಗೆ ಅಳು ಉಕ್ಕುತ್ತದೆ, ಇದನ್ನು ಯಾಕಾದರೂ ಮಾಡಿಸಿಕೊಂಡೆನೋ ಎನ್ನುತ್ತಾರೆ. ಆಗ ಮನೆಯವರು, ಯಾರು ಮಾಡಿಸಿಕೋ ಅಂದಿದ್ದರು ಎಂದುಬಿಟ್ಟರೆ ಆ ಮಾತು ಹೊಲಿಗೆಗಿಂತ ಹೆಚ್ಚು ನೋಯಿಸುತ್ತದೆ. ದಯವಿಟ್ಟು ಆ ಮಾತನ್ನು ಆಡಬೇಡಿ. ಊತ ಬೆಳಿಗ್ಗೆಗಿಂತ ಸಂಜೆ ಹೆಚ್ಚಿರುತ್ತದೆ, ಓಡಾಡಿದ ದಿನ ಇನ್ನೂ ಹೆಚ್ಚು. ಬಹುಪಾಲು ಇಳಿಯಲು ಸುಮಾರು ಮೂರು ತಿಂಗಳು, ಪೂರ್ತಿ ಇಳಿಯಲು ಆರು ತಿಂಗಳಿಂದ ಒಂದು ವರ್ಷ. ಮೊದಲ ತಿಂಗಳಲ್ಲಿ ಕನ್ನಡಿ ಹೇಳುವುದನ್ನು ನಂಬಬೇಡಿ ಎಂದೇ ನಾನು ರೋಗಿಗಳಿಗೆ ಹೇಳುತ್ತಿದ್ದೆ. ಆದರೆ ಬೇಸರ ವಾರಗಳು ಕಳೆದರೂ ಹೋಗದಿದ್ದರೆ, ಊಟ ನಿದ್ದೆ ಎರಡೂ ಕೆಟ್ಟರೆ, ಅದನ್ನೂ ವೈದ್ಯರಿಗೆ ಹೇಳಬೇಕು.

ಕೊಯ್ದ ಜಾಗದ ಸುತ್ತ, ಮುಖ್ಯವಾಗಿ ಹೊಕ್ಕುಳಿನ ಕೆಳಗೆ, ಚರ್ಮ ಮರಗಟ್ಟಿರುತ್ತದೆ. ನರಗಳು ಚೇತರಿಸಿಕೊಳ್ಳುವಾಗ ಚುಳುಕು, ತುರಿಕೆ ಬರುತ್ತವೆ. ತಿಂಗಳುಗಳಲ್ಲಿ ಸ್ಪರ್ಶ ಮರಳಬಹುದು, ಸ್ವಲ್ಪ ಜಾಗದಲ್ಲಿ ಮರಳದೆಯೂ ಇರಬಹುದು. ಮರಗಟ್ಟಿದ ಜಾಗಕ್ಕೆ ಬಿಸಿನೀರಿನ ಚೀಲ ಇಡಲೇಬಾರದು. ಚರ್ಮ ಸುಟ್ಟರೂ ತಿಳಿಯುವುದಿಲ್ಲ.

ಮರೆಮಾಚುವವರು ವೈದ್ಯರಿಂದಲೂ ಮರೆಮಾಚುವುದೆಂದರೆ ಸಿಗರೇಟು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಬಿಡಿಸಿ ಎಳೆದು ಹೊಲಿದ ಚರ್ಮಕ್ಕೆ ಮೊದಲೇ ರಕ್ತ ಕಡಿಮೆ. ಅದೂ ನಿಂತರೆ ಅಂಚು ಕಪ್ಪಾಗಿ ಸಾಯುತ್ತದೆ. ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲು ಮತ್ತು ನಂತರ ನಾಲ್ಕು ವಾರ ತಂಬಾಕು ಯಾವ ರೂಪದಲ್ಲೂ ಬೇಡ. ಸೇದಿದ್ದರೆ ನಿಜ ಹೇಳಿ, ದಿನಾಂಕ ಮುಂದೂಡುವುದರಲ್ಲಿ ಅವಮಾನವಿಲ್ಲ. ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಪ್ರೋಟೀನ್, ಕಬ್ಬಿಣ, ಬಿ12 ಜೀವಸತ್ವದ ಕೊರತೆ ಇರುವುದು ಸಾಮಾನ್ಯ. ಅದನ್ನು ಪರೀಕ್ಷಿಸಿ ಸರಿಪಡಿಸದೆ ಕೊಯ್ದರೆ ಗಾಯ ಕೂಡಲು ಸಾಮಗ್ರಿಯೇ ಇರುವುದಿಲ್ಲ. ತೊಡೆಸಂದಿನ ಹೊಲಿಗೆಗಳಂತೂ ತೇವ, ಉಜ್ಜಾಟ ಎರಡನ್ನೂ ತಡೆದುಕೊಳ್ಳಬೇಕು, ಅಲ್ಲಿ ಸ್ವಲ್ಪ ಬಿಚ್ಚಿಕೊಳ್ಳುವುದು ಅಪರೂಪವಲ್ಲ. ಡ್ರೆಸ್ಸಿಂಗ್ ಮಾಡುತ್ತಾ ಹೋದರೆ ಹೆಚ್ಚಿನವು ತಾವಾಗಿಯೇ ಕೂಡುತ್ತವೆ.

ಹೊರಗೆ ಗಾಯ ಮುಚ್ಚಿದ ಮಾತ್ರಕ್ಕೆ ಒಳಗೆ ಬಲ ಬಂದಿರುವುದಿಲ್ಲ. ಮೂರು ವಾರಕ್ಕೆ ಗಾಯದ ಬಲ ಮೂಲ ಚರ್ಮದ ಸುಮಾರು ಐದರಲ್ಲೊಂದು ಪಾಲು ಮಾತ್ರ, ಎಷ್ಟು ಕಾಲ ಕಳೆದರೂ ಶೇಕಡಾ 80ರಷ್ಟನ್ನು ಮೀರುವುದಿಲ್ಲ. ಸುಮಾರು ಆರು ವಾರ ಭಾರ ಎತ್ತಬೇಡಿ ಎನ್ನುವುದು ಇದಕ್ಕಾಗಿಯೇ. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಈ ನಿಯಮವೇ ಎಲ್ಲಕ್ಕಿಂತ ಕಠಿಣ. ಮಗು ಕೈಚಾಚಿ ಅತ್ತರೂ ಎತ್ತಿಕೊಳ್ಳುವಂತಿಲ್ಲ. ಕುಳಿತಾಗ ಯಾರಾದರೂ ಮಗುವನ್ನು ತಂದು ಪಕ್ಕದಲ್ಲಿ ಕೂರಿಸಬೇಕು. ಆ ಯಾರಾದರೂ ಯಾರು ಎಂದು ಶಸ್ತ್ರಚಿಕಿತ್ಸೆಯ ದಿನಾಂಕಕ್ಕೂ ಮೊದಲೇ ಗೊತ್ತುಮಾಡಿಕೊಂಡಿರಬೇಕು. ನಡಿಗೆಯನ್ನು ಮಾತ್ರ ದಿನದಿಂದ ದಿನಕ್ಕೆ ಹೆಚ್ಚಿಸುತ್ತಾ ಹೋಗಬಹುದು.

38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಹರಡುತ್ತಿರುವ ಕೆಂಪು, ಕೀವು ಅಥವಾ ದುರ್ವಾಸನೆ, ಕಪ್ಪಾಗುತ್ತಿರುವ ಅಂಚು, ಮೊದಲೆರಡು ದಿನಗಳಲ್ಲಿ ಒಂದೇ ಬದಿ ಥಟ್ಟನೆ ಊದಿ ಬಿರುಸಾಗುವುದು, ಇವು ಅದೇ ದಿನ ವೈದ್ಯರಿಗೆ ತಿಳಿಸಬೇಕಾದವು.

ಕಲೆ ಮೊದಲ ತಿಂಗಳುಗಳಲ್ಲಿ ಕೆಂಪಾಗಿ, ಗಟ್ಟಿಯಾಗಿ, ಹಿಂದಿಗಿಂತ ಕೆಟ್ಟದಾಗಿಯೇ ಕಾಣುತ್ತದೆ. ಮಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕಾನ್ ಪಟ್ಟಿ ಅಥವಾ ಜೆಲ್ ಹಚ್ಚುವುದು, ಬಿಸಿಲು ತಾಗದಂತೆ ಮುಚ್ಚಿಕೊಳ್ಳುವುದು ಸಹಾಯ ಮಾಡುತ್ತವೆ. ಕೆಲವರಿಗೆ ಹೊಲಿಗೆಯ ಎರಡು ತುದಿಗಳಲ್ಲಿ ಚರ್ಮ ಸಣ್ಣ ಗುಬುಟಿಯಂತೆ ಉಬ್ಬಿ ನಿಲ್ಲುತ್ತದೆ. ಒಂದು ವರ್ಷದ ಹೊತ್ತಿಗೂ ಅದು ಸಮವಾಗದಿದ್ದರೆ ಆ ಭಾಗವನ್ನಷ್ಟೇ ಮರಗಟ್ಟಿಸಿ ಸಣ್ಣದಾಗಿ ತಿದ್ದುವುದು ಸಾಧ್ಯ. ಆದರೆ ಎಲ್ಲ ಮುಗಿಯಿತು, ಇನ್ನೇನು ಕೇಳುವುದು ಎಂಬ ಸಂಕೋಚದಿಂದ ಬಹಳ ಮಂದಿ ವರ್ಷದ ತಪಾಸಣೆಗೇ ಹೋಗುವುದಿಲ್ಲ. ಹೋಗಿ. ಉಬ್ಬಿದ ಜಾಗವನ್ನು ಬೆರಳಿಟ್ಟು ತೋರಿಸಿ ಕೇಳಿ.