ಒಂದು ಗಂಟೆಗೆ 13 ಜಿಬಿ

ಕೇಳುಗರಿಗೆ ನಮಸ್ಕಾರ.

ನಿಮ್ಮ ಮನೆಯ ಬೀರುವಿನಲ್ಲಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕ್ಯಾಸೆಟ್‌ಗಳು ಇವೆಯೇ? 2000ದ ಆಸುಪಾಸಿನಲ್ಲಿ ನಾಮಕರಣ, ಮದುವೆ, ಊರ ಜಾತ್ರೆ ಎಲ್ಲವನ್ನೂ ನಾವು ತುಂಬಿಟ್ಟದ್ದು ಈ ಮಿನಿ ಡಿವಿ ಟೇಪುಗಳಲ್ಲೇ. ನಮ್ಮ ಮಳೆಗಾಲದ ತೇವಕ್ಕೆ ಟೇಪು ಬೂಷ್ಟು ಹಿಡಿಯುತ್ತದೆ. ಹಾಗಾಗಿ ಕಂಪ್ಯೂಟರಿಗೆ ಇಳಿಸಿಕೊಳ್ಳುವ ಕೆಲಸವನ್ನು ಮುಂದೂಡಬೇಡಿ.

ಇಳಿಸಲು ಕ್ಯಾಮೆರಾವನ್ನು ಕಂಪ್ಯೂಟರಿಗೆ ಜೋಡಿಸುವ ಫೈರ್‌ವೈರ್ ಕೇಬಲ್ ಬೇಕು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಹಿಡಿಯುತ್ತದೆ. ಕೊನೆಗೆ ಫೈಲ್ ಎಷ್ಟು ದೊಡ್ಡದಿದೆ ಅಂತ ನೋಡಿದರೆ, ಸುಮಾರು 13 ಜಿಬಿ! ಬಹಳ ಜನ ಗಾಬರಿಯಾಗುವುದು ಇಲ್ಲೇ.

ನನಗೂ ಮೊದಲ ಸಲ ಹಾಗೇ ಆಯಿತು. ಹೊರಗಿನ ಹಾರ್ಡ್ ಡಿಸ್ಕಿಗೆ ನೇರವಾಗಿ ಇಳಿಸುತ್ತಿದ್ದೆ. 20 ನಿಮಿಷಕ್ಕೆ ಎಲ್ಲ ನಿಂತುಹೋಯಿತು. ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಇತ್ತು. ಆದರೆ ಅದು ಫ್ಯಾಟ್32 ಮಾದರಿಯದು, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಹಳೆಯ ವಿಧಾನ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ವಿಂಡೋಸ್ ಒಂದನ್ನೇ ಬಳಸುವವರು ಎನ್‌ಟಿಎಫ್‌ಎಸ್ ಇಟ್ಟುಕೊಳ್ಳಿ, ಮ್ಯಾಕ್ ಕೂಡ ಇದ್ದರೆ ಎಕ್ಸ್‌ಫ್ಯಾಟ್. ಮಾದರಿ ಬದಲಿಸಲು ಡಿಸ್ಕನ್ನು ಫಾರ್ಮ್ಯಾಟ್ ಮಾಡಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ, ಅದಕ್ಕೆ ಮೊದಲು ಬೇರೆ ಕಡೆ ತೆಗೆದಿಡಿ.

ಅಷ್ಟು ಜಾಗ ಏಕೆ ಬೇಕು? ಅಜ್ಜಿ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದಾರೆ ಅಂದುಕೊಳ್ಳಿ. ನಮ್ಮ ಕಡೆಯ ಡಿವಿ ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ತೆಗೆಯುತ್ತದೆ. ಪ್ರತಿ ಚಿತ್ರದಲ್ಲೂ ಗೋಡೆ, ಕಂಬ, ಅಜ್ಜಿ, ಎಲ್ಲವನ್ನೂ ಮತ್ತೆ ಪೂರ್ತಿ ಬರೆದಿಡುತ್ತದೆ. ವಿಡಿಯೊ ಕುಗ್ಗಿಸಲು ಆಮೇಲೆ ಬಂದ ಎಚ್.264 ಎಂಬ ವಿಧಾನ ಹಾಗಲ್ಲ. ಗೋಡೆ ಕದಲಲಿಲ್ಲ ಅಲ್ವಾ, ಮತ್ತೇಕೆ ಬರೆಯಬೇಕು? ಅಜ್ಜಿಯ ಬೆರಳು ಎಷ್ಟು ಆಡಿತೋ ಹೆಚ್ಚಾಗಿ ಅದನ್ನೇ ಬರೆದುಕೊಳ್ಳುತ್ತದೆ. ಆಗ ಅದೇ ಒಂದು ಗಂಟೆ ಒಂದು, ಒಂದೂವರೆ ಜಿಬಿಯಲ್ಲಿ ಕೂರುತ್ತದೆ.

ಹಾಗಂತ ದೊಡ್ಡ ಫೈಲನ್ನು ಅಳಿಸಿಬಿಡಬೇಡಿ. ಚಿಕ್ಕದು ಮಾಡುವಾಗ ಹೋದ ವಿವರ ಮತ್ತೆ ಬರುವುದಿಲ್ಲ. 1 ಟಿಬಿ ಡಿಸ್ಕಿನಲ್ಲಿ ಇಂಥ 75 ಟೇಪುಗಳು ಹಿಡಿಸುತ್ತವೆ. ಹೆಚ್ಚಿನ ಮನೆಗಳಲ್ಲಿ ಅಷ್ಟು ಟೇಪು ಇರುವುದೇ ಇಲ್ಲ. ದೊಡ್ಡದನ್ನು ಎರಡು ಡಿಸ್ಕುಗಳಲ್ಲಿ ಇಟ್ಟು, ಒಂದನ್ನು ಅಣ್ಣನ ಮನೆಗೋ ಅಕ್ಕನ ಮನೆಗೋ ಕೊಡಿ. ನೆಂಟರಿಗೆ ಕಳಿಸಲು, ಫೋನಿನಲ್ಲಿ ನೋಡಲು ಚಿಕ್ಕದು ಸಾಕು. ಅದನ್ನು ಮಾಡಲು ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಡಿಇಂಟರ್‌ಲೇಸ್ ಆಯ್ಕೆ ಹಾಕಿ. ಇಲ್ಲದಿದ್ದರೆ ಓಡುವ ಮಗುವಿನ ಅಂಚು ಬಾಚಣಿಗೆ ಹಲ್ಲಿನಂತೆ ಸೀಳಿ ಕಾಣುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಜಾಗ ಉಳಿಸುವ ಭರದಲ್ಲಿ ಸುಮ್ನೆ ಧ್ವನಿಯ ಗುಣಮಟ್ಟ ಇಳಿಸಬೇಡಿ. ಧ್ವನಿಯನ್ನು 160 ಕೆಬಿಪಿಎಸ್ (ಸೆಕೆಂಡಿಗೆ 160 ಕಿಲೋಬಿಟ್) ಎಂದು ಇಟ್ಟರೂ ಗಂಟೆಗೆ ಅದು ತಿನ್ನುವುದು 72 ಎಂಬಿ ಮಾತ್ರ. ಚಿತ್ರ ಮಸುಕಾದರೂ ಕಣ್ಣು ಹೊಂದಿಕೊಳ್ಳುತ್ತದೆ. ಆದರೆ ಆ ಜಗಲಿಯಿಂದ ಅಜ್ಜಿ ಕ್ಯಾಮೆರಾ ಹಿಡಿದವರನ್ನು "ಊಟ ಆಯ್ತೇನೋ?" ಎಂದು ಕೇಳಿದ್ದು ಮೊಮ್ಮಕ್ಕಳಿಗೆ ಸ್ಪಷ್ಟವಾಗಿ ಕೇಳಿಸಬೇಕು.

ನಮಸ್ಕಾರ.