ಮೊದಲ ಸಲ ಜಾರಿದಾಗಲೇ ಕೈ ತೆಗೀರಿ: ಅಪ್ಪನ ಆರ್‌ಎಕ್ಸ್ 100 ಮತ್ತು ಹಠ ಹಿಡಿದ ಸ್ಕ್ರೂಗಳು

ಟರ್ರ್... ಈ ಸದ್ದು ಕೇಳಿದ್ರಲ್ಲ? ಸ್ಕ್ರೂಡ್ರೈವರ್ ತುದಿ ಸ್ಕ್ರೂವಿನ ಕುಳಿಯಿಂದ ಎದ್ದು ಜಾರೋವಾಗ ಬರೋ ಸದ್ದು. ಇದನ್ನ ಕೇಳಿದ ಮೇಲೂ ಇನ್ನೊಂಚೂರು ಒತ್ತಿ ತಿರುಗಿಸಿ ನೋಡೋಣ ಅನ್ಸುತ್ತೆ. ಬೇಡ. ಈ ವಿಡಿಯೋದಲ್ಲಿ ಬೇರೇನು ಮರೆತರೂ ಇದೊಂದು ನೆನಪಿಟ್ಕೊಳ್ಳಿ: ಮೊದಲ ಸಲ ಜಾರಿದಾಗಲೇ ಕೈ ತೆಗೀರಿ. ಆಗ ಸ್ಕ್ರೂವಿನ ತಲೆ ಇನ್ನೂ ಚೆನ್ನಾಗೇ ಇರುತ್ತೆ. ಐದನೇ ಸಲ ಜಾರೋ ಹೊತ್ತಿಗೆ ಅದು ದುಂಡಗಿನ ಬಟ್ಟಲಾಗಿರುತ್ತೆ.

ಇದು ಅಪ್ಪನ ಯಮಹಾ ಆರ್‌ಎಕ್ಸ್ 100, 1992ರ ಗಾಡಿ. ನಮ್ಮೂರು ಸಾಗರದ ಹತ್ತಿರ. ಕೊಟ್ಟಿಗೆ ಒಳಗೆ ನಿಲ್ಲಿಸಿದ್ರೂ ಮಳೆಗಾಲದ ತೇವ ಗಾಡಿನ ಬಿಡಲ್ಲ. ಕ್ಲಚ್ ಜಾರ್ತಿತ್ತು, ಪ್ಲೇಟ್ ಬದಲಾಯಿಸಬೇಕು. ಅದಕ್ಕೆ ಇಂಜಿನ್ನಿನ ಬಲಗಡೆ ಕವರ್ ಬಿಚ್ಚಬೇಕು. ಕವರ್ ಸುತ್ತ ನೋಡಿ, ಎಲ್ಲ ಪ್ಲಸ್ ತಲೆಯ ಸ್ಕ್ರೂಗಳು. ಎಷ್ಟು ಮೆಕ್ಯಾನಿಕ್‌ಗಳ ಕೈ ದಾಟಿ ಬಂದಿವೆಯೋ, ಎರಡರ ತಲೆ ನಾನು ಮುಟ್ಟೋ ಮೊದಲೇ ಸವೆದಿತ್ತು.

ಇವು ಯಾಕಿಷ್ಟು ಗಟ್ಟಿ ಕೂರ್ತವೆ ಗೊತ್ತಾ? ಇಂಜಿನ್ ಕೇಸು ಅಲ್ಯೂಮಿನಿಯಂ, ಸ್ಕ್ರೂ ಕಬ್ಬಿಣ. ಬೇರೆ ಬೇರೆ ಲೋಹ, ನಡುವೆ ತೇವ. ಬ್ಯಾಟರಿ ಒಳಗೆ ನಡೆಯೋ ಕೆಲಸಾನೇ ಇಲ್ಲೂ ನಿಧಾನಕ್ಕೆ ನಡೆಯುತ್ತೆ. ಅಲ್ಯೂಮಿನಿಯಂ ಕೊರೆದು ಬಿಳಿ ಪುಡಿ ಆಗುತ್ತೆ, ಆ ಪುಡಿ ತ್ರೆಡ್ಡಿನ ಸಂದೀಲಿ ಸಿಮೆಂಟಿನ ಹಾಗೆ ಕೂತ್ಕೊಳ್ಳುತ್ತೆ. ಅದಕ್ಕೇ ಬರೀ ಕೈ ಬಲ ಸಾಲಲ್ಲ.

ಈಗ ಸ್ಕ್ರೂಡ್ರೈವರ್ ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದ್ರೆ ಮುಕ್ಕಾಲು ಪಾಲು ಸ್ಕ್ರೂ ಹಾಳಾಗೋದೇ ಇಲ್ಲಿ ಅಂತ ನನ್ನ ನಂಬಿಕೆ. ನಮ್ಮೆಲ್ಲರ ಮನೇಲೂ ಇರೋ ಸ್ಟಾರ್ ಸ್ಕ್ರೂಡ್ರೈವರ್ ಸಾಮಾನ್ಯವಾಗಿ 2ನೇ ನಂಬರ್. ಸ್ವಿಚ್ ಬೋರ್ಡ್, ಮಿಕ್ಸಿ, ಕಿಟಕಿಗೆಲ್ಲ ಅದು ಸಾಕು. ಆದ್ರೆ ಈ ಕವರಿನ ಸ್ಕ್ರೂಗಳು 6 ಮಿಲಿಮೀಟರಿನವು, ಇದಕ್ಕೆ 3ನೇ ನಂಬರ್ ಬೇಕು. 2ನೇದನ್ನ ಇಟ್ಟು ನೋಡಿ: ಒಳಗೆ ಹೋಗುತ್ತೆ, ಕೂತ ಹಾಗೂ ಕಾಣುತ್ತೆ, ಅಲ್ಲಾಡಿಸಿದ್ರೆ ಲೊಟಲೊಟ ಅನ್ನುತ್ತೆ. 3ನೇದು ಇಟ್ಟು ಕೈ ಬಿಡಿ. ನೋಡಿ, ಡ್ರೈವರ್ ತಾನೇ ನಿಂತ್ಕೊಂಡಿದೆ.

ಇನ್ನೊಂದು ಸೂಕ್ಷ್ಮ ಇದೆ. ಪ್ಲಸ್ ತಲೆ ಅಂದ್ರೆ ನಮಗೆಲ್ಲ ಒಂದೇ. ಆದ್ರೆ ಫಿಲಿಪ್ಸ್ ಅನ್ನೋದು ಅಮೆರಿಕದ್ದು, ಹೆನ್ರಿ ಫಿಲಿಪ್ಸ್ ಅನ್ನೋರು 1936ರಲ್ಲಿ ಪೇಟೆಂಟ್ ಪಡೆದದ್ದು. ಜಪಾನಿನ ಗಾಡಿಗಳಲ್ಲಿ ಬರೋದು ಜೆಐಎಸ್, ಅಂದ್ರೆ ಅವರ ದೇಶದ ಅಳತೆ. ನೋಡೋಕೆ ಅಣ್ಣತಮ್ಮಂದಿರ ಹಾಗೆ. ಆದ್ರೆ ಫಿಲಿಪ್ಸ್ ಡ್ರೈವರಿನ ತುದೀಲಿ ರೆಕ್ಕೆಗಳ ನಡುವಿನ ಮೂಲೆ ಸ್ವಲ್ಪ ದುಂಡಗೆ, ಜೆಐಎಸ್ ಕುಳಿಯ ತಳದವರೆಗೆ ಇಳಿಯಲ್ಲ. ಇಳಿಯದೇ ಇದ್ರೆ ತಿರುಗಿಸಿದಾಗ ಮೇಲೇಳುತ್ತೆ, ಎದ್ರೆ ಕುಳಿಯ ಅಂಚನ್ನೇ ತಿನ್ನುತ್ತೆ. ಅನೇಕ ಜೆಐಎಸ್ ಸ್ಕ್ರೂಗಳ ತಲೆ ಮೇಲೆ ಒಂದು ಚಿಕ್ಕ ಚುಕ್ಕಿ ಇರುತ್ತೆ. ಚುಕ್ಕಿ ಇಲ್ಲದವೂ ಇವೆ. ಜಪಾನ್ ಮೂಲದ ಹಳೇ ಗಾಡಿ ಅಂದ್ರೆ ಜೆಐಎಸ್ ಅಂದ್ಕೊಂಡೇ ಕೆಲಸ ಶುರು ಮಾಡಿ. ನಾನು ವೆಸೆಲ್ ಅನ್ನೋ ಜಪಾನಿ ಕಂಪನಿಯ ಡ್ರೈವರ್ ತರಿಸ್ಕೊಂಡೆ. ದುಬಾರಿ ಅನ್ನಿಸ್ತು, ನಿಜ. ಆದ್ರೆ ಇದೊಂದರಿಂದಲೇ ಈ ಕವರಿನ ಅರ್ಧಕ್ಕಿಂತ ಹೆಚ್ಚು ಸ್ಕ್ರೂಗಳು ತಕರಾರಿಲ್ಲದೆ ಬಂದ್ವು. ಡ್ರೈವರ್ ಇಡೋ ಮೊದಲು ಕುಳಿ ಒಳಗಿನ ಮಣ್ಣು, ಗ್ರೀಸ್ ಎಲ್ಲ ಸೂಜಿಯಿಂದ ಕೆರೆದು ತೆಗೀರಿ. ಇದನ್ನ ಯಾರೂ ಮಾಡಲ್ಲ.

ಬರದೇ ಉಳಿದವಕ್ಕೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಬಿಟ್ಟಿದ್ದೆ. ಅಪ್ಪನ ಕಾಲದಲ್ಲಿ ಸೀಮೆಎಣ್ಣೆ, ಡೀಸೆಲ್. ಯಾವುದೇ ಇರಲಿ, ಎಣ್ಣೆಗೆ ಟೈಮ್ ಕೊಡಬೇಕು. ಬಿಟ್ಟು ಐದೇ ನಿಮಿಷಕ್ಕೆ ಕೆಲಸಕ್ಕಿಳಿದ್ರೆ ಏನೂ ಆಗಿರಲ್ಲ. ನಡುನಡುವೆ ಸ್ಕ್ರೂ ತಲೆಗೆ ಸುತ್ತಿಗೆಯಿಂದ ನೇರಕ್ಕೆ ಸಣ್ಣ ಪೆಟ್ಟು ಕೊಡ್ತಿದ್ರೆ ಆ ಬಿಳಿ ಪುಡಿ ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತೆ.

ಇದು ಇಂಪ್ಯಾಕ್ಟ್ ಡ್ರೈವರ್. ಕರೆಂಟಿನದಲ್ಲ, ಸುತ್ತಿಗೆಯಿಂದ ಹೊಡೆಯೋದು. ಹಿಂದೆ ಹೊಡೆದ್ರೆ ಆ ಪೆಟ್ಟು ಒಂಚೂರು ತಿರುವಾಗಿ ಬದಲಾಗುತ್ತೆ. ಒತ್ತೋದೂ ತಿರುಗೋದೂ ಒಂದೇ ಕ್ಷಣದಲ್ಲಿ ಆಗೋದ್ರಿಂದ ತುದಿ ಮೇಲೇಳೋಕೆ ಅವಕಾಶವೇ ಸಿಗಲ್ಲ. ಹಳೇ ಗಾಡಿ ಇಟ್ಕೊಂಡಿರೋರು ಒಂದೇ ಒಂದು ಹೊಸ ಟೂಲ್ ತಗೋಬೇಕು ಅಂದ್ರೆ ನಾನು ಇದನ್ನೇ ಹೇಳ್ತೀನಿ. ಇದರ ತುದಿಗೂ 3ನೇ ನಂಬರಿನ ಬಿಟ್ ಹಾಕಿ. ಬಿಚ್ಚೋ ದಿಕ್ಕಿಗೆ, ಅಂದ್ರೆ ಎಡಕ್ಕೆ, ಕೈಯಿಂದ ಬಿಗಿಯಾಗಿ ತಿರುಗಿಸಿ ಹಿಡ್ಕೊಂಡು ಆಮೇಲೆ ಹೊಡೀರಿ. ಭಾರದ ಸುತ್ತಿಗೇಲಿ ಒಂದು ಸರಿಯಾದ ಪೆಟ್ಟು, ಹಗುರ ಸುತ್ತಿಗೆಯ ಹತ್ತು ಪೆಟ್ಟಿಗಿಂತ ಮೇಲು. ಆದ್ರೆ ಅಲ್ಯೂಮಿನಿಯಂ ತೆಳು ಇರೋ ಕಡೆ ಜೋಪಾನ, ಕೇಸು ಸೀಳಿದ್ರೆ ಸ್ಕ್ರೂವಿನ ಚಿಂತೆ ಏನೂ ಅಲ್ಲ. ಟಕ್! ಬಿಡ್ತು. ಈಗ ಬೆರಳಲ್ಲೇ ತಿರುಗ್ತಿದೆ.

ತಲೆ ಸವೆದಿದ್ದ ಎರಡರಲ್ಲಿ ಒಂದಕ್ಕೆ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಹಚ್ಚಿದೆ. ಮರಳಿನ ಹಾಗೆ ತರಿ ಇರೋ ಪೇಸ್ಟ್, ಡ್ರೈವರ್ ತುದಿಗೆ ಕಚ್ಚೋಕೆ ಹಿಡಿತ ಸಿಗುತ್ತೆ. ಅದು ಬಂತು. ಇನ್ನೊಂದು ಬರಲಿಲ್ಲ. ತಲೆ ಮೇಲೆದ್ದಿರೋ ಸ್ಕ್ರೂ ಆದ್ರಿಂದ ವೈಸ್ ಗ್ರಿಪ್ ಹಾಕಿದೆ, ಅದೇ ಲಾಕ್ ಆಗೋ ಇಕ್ಕಳ. ಅಮೆರಿಕದ ನೆಬ್ರಾಸ್ಕದಲ್ಲಿ ವಿಲಿಯಂ ಪೀಟರ್ಸನ್ ಅನ್ನೋ ಕಮ್ಮಾರ ಮಾಡಿದ್ದು ಇದು. ಕಮ್ಮಾರನ ಕೈ ಬುದ್ಧಿ ಇದರಲ್ಲಿ ಕಾಣುತ್ತೆ, ಒಮ್ಮೆ ಕಚ್ಚಿದ್ರೆ ಹಿಡಿಯೋ ಕೆಲಸ ಅದರದ್ದು, ತಿರುಗಿಸೋದಷ್ಟೇ ನಮ್ಮದು. ಕಿಕ್ಕರ್ ಬೋಲ್ಟಿನ ಮೂಲೆಗಳೂ ಸವೆದಿದ್ವು. ಅದಕ್ಕೆ ಆರು ಮೂಲೆಯ ಸಾಕೆಟ್ ಹಾಕಿದೆ. ಹನ್ನೆರಡು ಮೂಲೆಯದು ಬೋಲ್ಟಿನ ಮೂಲೇನ ಮಾತ್ರ ಹಿಡಿಯುತ್ತೆ, ಆರು ಮೂಲೆಯದು ಮಗ್ಗುಲನ್ನ ಹಿಡಿಯುತ್ತೆ. ಎಲೆನ್ ಬೋಲ್ಟ್, ಅಂದ್ರೆ ತಲೇಲಿ ಆರು ಮೂಲೆಯ ಕುಳಿ ಇರೋದು, ಒಳಗೆ ದುಂಡಗಾಗಿದ್ರೆ ಸ್ವಲ್ಪ ದೊಡ್ಡ, ಆರು ಮೊನೆಯ ನಕ್ಷತ್ರದ ಹಾಗಿರೋ ಟಾರ್ಕ್ಸ್ ಬಿಟ್ ಬಡಿದು ಕೂರಿಸಿ ತಿರುಗಿಸಬಹುದು, 5 ಮಿಲಿಮೀಟರ್ ಎಲೆನ್‌ಗೆ ಟಿ30 ಸರಿ ಹೋಗುತ್ತೆ.

ಕೊನೇದು, ಕೆಳಗಡೆ ಮೂಲೇಲಿರೋದು, ಯಾವುದಕ್ಕೂ ಜಗ್ಗಲಿಲ್ಲ. ಅಪ್ಪ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ರು. "ಗಡಿಬಿಡಿ ಮಾಡಬೇಡ ಮಾರಾಯ, ಕಾಫಿ ಕುಡಿದು ಬಾ" ಅಂದ್ರು. ಕುಡಿದು ಬಂದು ಅದರ ತಲೇನೇ ತೆಗೆಯೋಣ ಅಂತ ತೀರ್ಮಾನಿಸಿದೆ. ಕಣ್ಣಿಗೆ ಕನ್ನಡಕ ಹಾಕ್ಕೊಂಡು, ನಡುವಿಗೆ ಸರಿಯಾಗಿ ಸೆಂಟರ್ ಪಂಚ್ ಹೊಡೆದು, ಮೊದಲು 3 ಮಿಲಿಮೀಟರ್ ಬಿಟ್, ಆಮೇಲೆ ಆರೂವರೆಯದು. ನಿಧಾನದ ಸ್ಪೀಡು, ಹನಿ ಎಣ್ಣೆ. ತಲೆ ಬಳೆಯ ಹಾಗೆ ಬಿಟ್ಟಿನ ಜೊತೆಗೇ ಎದ್ದು ಬಂತು.

ತಲೆ ಹೋಯ್ತು ಅಂತ ಹೆದರಬೇಡಿ. ಸ್ಕ್ರೂ ಬಿಗಿ ಹಿಡಿದಿದ್ದೇ ತಲೆ ಮತ್ತು ತ್ರೆಡ್ಡಿನ ನಡುವಿನ ಎಳೆತದಿಂದ. ತಲೆ ಹೋದ್ರೆ ಆ ಎಳೆತವೂ ಹೋಯ್ತು. ಕವರ್ ಎತ್ತಿದೆ. ನೋಡಿ, ಕವರಿನ ದಪ್ಪದಷ್ಟು ಮೋಟು ಹೊರಗೆ ನಿಂತಿದೆ. ಸುತ್ತಲಿನ ಅಲ್ಯೂಮಿನಿಯಂಗೆ ಹೀಟ್ ಗನ್ ಹಿಡಿದೆ. ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ, ಹಾಗಾಗಿ ತೂತು ಸಡಿಲ ಆಗುತ್ತೆ. ಹೀಟ್ ಗನ್ ಹಿಡಿಯೋ ಮೊದಲು ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಟ್ಟಿದ್ದೆ, ಬಿಟ್ಟಿದ್ದ ಎಣ್ಣೇನ ಒರೆಸಿ ತೆಗೆದಿದ್ದೆ. ಆಮೇಲೆ ವೈಸ್ ಗ್ರಿಪ್. ಒಂಚೂರು ಆ ಕಡೆ, ಒಂಚೂರು ಈ ಕಡೆ. ಬಂತು.

ಎಕ್ಸ್‌ಟ್ರ್ಯಾಕ್ಟರ್ ಯಾಕೆ ಬಳಸಲಿಲ್ಲ ಅಂತ ನೀವು ಕೇಳ್ತೀರಿ. ಮುರಿದ ಬೋಲ್ಟಿನ ಒಳಗೆ ಇಳಿಸಿ ತಿರುಗಿಸಿ ತೆಗೆಯೋ ಮೊನಚು ಕಡ್ಡಿ ಅದು. ಬೋಲ್ಟ್ ಮುರಿದ್ರೆ ಜನ ಮೊದಲು ತಗೊಳ್ಳೋದೇ ಅದನ್ನ. ನಾನೂ ತಗೊಂಡಿದ್ದೆ. ಹೋದ ವರ್ಷ ತೋಟದ ಪಂಪ್‌ಸೆಟ್ಟಿನ ಕವರ್ ಬಿಚ್ಚೋವಾಗ ಬೋಲ್ಟ್ ತೂತಿನ ಮಟ್ಟಕ್ಕೇ ಮುರೀತು. ನಡುವೆ ತೂತು ಕೊರೆದು ಎಕ್ಸ್‌ಟ್ರ್ಯಾಕ್ಟರ್ ಇಳಿಸಿ ತಿರುಗಿಸಿದೆ. ಟಿಕ್ ಅಂತ ಅದೇ ಮುರಿದು ಒಳಗೆ ಉಳೀತು. ಅಡಿಕೆ ಮರಗಳಿಗೆ ನೀರು ಬಿಡಬೇಕಾದ ಬೇಸಿಗೆ. ಆ ಸಂಕಟ ಇವತ್ತಿಗೂ ಮರೆತಿಲ್ಲ.

ಆಮೇಲೆ ಅರ್ಥ ಆಯ್ತು. ತ್ರೆಡ್ ಹಿಡ್ಕೊಂಡಿದ್ದಕ್ಕೇ ಅಷ್ಟು ದಪ್ಪ ಬೋಲ್ಟ್ ಮುರಿದಿರೋವಾಗ, ಅದರ ಹೊಟ್ಟೆ ಒಳಗೆ ಇಳಿಯೋ ಸಣ್ಣ ಕಡ್ಡಿ ಅದನ್ನ ಹೇಗೆ ತಿರುಗಿಸೀತು? ಮೇಲಾಗಿ ಅದು ಮೊನಚಾಗಿರೋದ್ರಿಂದ ಬೆಣೆಯ ಹಾಗೆ ಮೋಟನ್ನ ಅಗಲಿಸಿ ಗೋಡೆಗೆ ಇನ್ನಷ್ಟು ಒತ್ತುತ್ತೆ. ಎಕ್ಸ್‌ಟ್ರ್ಯಾಕ್ಟರ್ ಉಕ್ಕು ಗಟ್ಟಿ, ಗಾಜಿನ ಹಾಗೆ ಪೆಳಸು, ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಗೀರೂ ಹಾಕಲ್ಲ. ಹಾಗಾಗಿ ಟೂಲ್ ಆರಿಸೋ ಮೊದಲು ಕೇಳ್ಕೊಳ್ಳಬೇಕಾದ ಪ್ರಶ್ನೆ ಇದು: ಬೋಲ್ಟ್ ಯಾಕೆ ಮುರೀತು? ಪೆಟ್ಟು ಬಿದ್ದು ಅಥವಾ ಹೆಚ್ಚು ಬಿಗಿ ಮಾಡಿ ಮುರಿದಿದ್ರೆ ತ್ರೆಡ್ ಸಡಿಲವೇ ಇರುತ್ತೆ, ಎಕ್ಸ್‌ಟ್ರ್ಯಾಕ್ಟರಲ್ಲಿ ಆರಾಮಾಗಿ ಬರುತ್ತೆ. ತುಕ್ಕು ಹಿಡಿದು ಬಿಚ್ಚೋವಾಗ ಮುರಿದಿದ್ರೆ ಅದನ್ನ ಮುಟ್ಟಲೇ ಬೇಡಿ.

ಆ ಪಂಪನ್ನ ಶಿವಮೊಗ್ಗಕ್ಕೆ ಹೊತ್ಕೊಂಡು ಹೋಗಿ, ಕರೆಂಟಿನ ಕಿಡಿಯಿಂದ ಲೋಹ ಕೊರೆಯೋ ಸ್ಪಾರ್ಕ್ ಮೆಷಿನ್ನಲ್ಲಿ ಕೊರೆಸಿ ತೆಗೆಸಿದ್ದಾಯ್ತು. ವಾಪಸ್ ಬಂದ ಮೇಲೆ ನಮ್ಮೂರ ಲೇತ್ ಅಂಗಡಿಯವರಿಗೆ ತೋರಿಸ್ದೆ. "ಮುರಿದ ತಕ್ಷಣ ತಂದಿದ್ರೆ ಮೋಟಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ ಕೊಡ್ತಿದ್ನಲ್ಲ" ಅಂದ್ರು. ಅವರು ಹೇಳಿದ್ದು ಸರಿ. ವೆಲ್ಡಿಂಗಿನ ಶಾಖಕ್ಕೇ ತುಕ್ಕಿನ ಹಿಡಿತ ಬಿಡುತ್ತೆ, ಮೇಲಿಂದ ಸ್ಪ್ಯಾನರ್ ಹಾಕೋಕೆ ಹೊಸ ತಲೆಯೂ ಸಿಗುತ್ತೆ. ಸುತ್ತ ಅಲ್ಯೂಮಿನಿಯಂ ಇದ್ರೆ ಕಬ್ಬಿಣದ ವೆಲ್ಡಿಂಗ್ ಅದಕ್ಕೆ ಅಂಟೋದೂ ಇಲ್ಲ. ಗಾಡಿ ಮೇಲೇ ಮಾಡಿಸೋದಾದ್ರೆ ಬ್ಯಾಟರಿ ವಯರ್ ಬಿಚ್ಚಿಸಿ.

ಮನೇಲೇ ಮಾಡಬೇಕು ಅಂದ್ರೆ ಎಡಗೈ ಡ್ರಿಲ್ ಬಿಟ್ ಅಂತ ಬರುತ್ತೆ, ಉಲ್ಟಾ ತಿರುಗಿ ಕೊರೆಯೋದು. ಎಷ್ಟೋ ಸಲ ಕೊರೀತಾ ಇದ್ದ ಹಾಗೇ ಮೋಟು ಬಿಟ್ಟಿಗೆ ಕಚ್ಚಿ ಹೊರಗೆ ಬರುತ್ತೆ. ನಮ್ಮೂರ ಅಂಗಡೀಲಿ ಸಿಗಲಿಲ್ಲ, ಆನ್‌ಲೈನ್ ತರಿಸ್ದೆ. ತ್ರೆಡ್ಡೇ ಪೂರ್ತಿ ಹೋದ್ರೆ ಹೆಲಿಕಾಯ್ಲ್ ಇದೆ, ತೂತು ದೊಡ್ಡದು ಮಾಡಿ ಒಳಗೆ ತಂತಿಯ ಸುರುಳಿ ಕೂರಿಸಿದ್ರೆ ಮತ್ತೆ ಅದೇ 6 ಮಿಲಿಮೀಟರ್ ಸ್ಕ್ರೂ ಹಿಡಿಯುತ್ತೆ.

ಕ್ಲಚ್ ಪ್ಲೇಟ್ ಹಾಕಿ ಆಯ್ತು. ತೂತುಗಳಿಗೆಲ್ಲ ಟ್ಯಾಪ್, ಅಂದ್ರೆ ತ್ರೆಡ್ ಕೊರೆಯೋ ಟೂಲ್, ಓಡಿಸಿ ಪುಡಿ ತೆಗೆದೆ. ಹೊಸ ಸ್ಕ್ರೂಗಳು ಎಲೆನ್ ತಲೆಯವು, ಪ್ರತಿಯೊಂದರ ತ್ರೆಡ್ಡಿಗೂ ಮತ್ತೆ ಕಚ್ಚಿ ಕೂರದ ಹಾಗೆ ತಡೆಯೋ ಆ್ಯಂಟಿ ಸೀಜ್ ಪೇಸ್ಟ್ ತೆಳ್ಳಗೆ ಹಚ್ಚಿದೀನಿ. ಬಿಗಿ ಮಾಡಿದ್ದು 8 ನ್ಯೂಟನ್ ಮೀಟರಿಗೆ, ಅದಕ್ಕಿಂತ ಹೆಚ್ಚು ಬೇಡ. ಹಳೇ ಪ್ಲಸ್ ಸ್ಕ್ರೂಗಳಲ್ಲಿ ಚೆನ್ನಾಗಿರೋದನ್ನ ಅಪ್ಪ ಒಂದು ಡಬ್ಬಿಗೆ ಹಾಕಿಸಿದ್ರು, ಕಂಪನಿ ಜೊತೆ ಬಂದಿದ್ದು ಬಿಸಾಡಬೇಡ ಅಂತ.

ಎಡಗಡೆ ಮ್ಯಾಗ್ನೆಟ್ ಕವರ್ ನಾಳೆಗೆ. ಅದರ ಸ್ಕ್ರೂಗಳ ಕುಳಿ ಕೆರೆದು, ಎಣ್ಣೆ ಬಿಟ್ಟು, ಒಂದೊಂದಕ್ಕೂ ಸಣ್ಣ ಪೆಟ್ಟು ಕೊಟ್ಟು ಬಂದಿದೀನಿ.