ಓಮಹಾದ ಎರಡನೇ ದಿನ: ಕೈಯಲ್ಲಿರುವ ರಾಜನನ್ನು ಎಸೆಯುವ ಧೈರ್ಯ

ನಮಸ್ಕಾರ. ಚಿಕ್ಕಮಗಳೂರಿನಿಂದ ಮಾತಾಡುತ್ತಿದ್ದೇನೆ. ಇವತ್ತು ಪೀಠಿಕೆ ಬೇಡ, ನೇರವಾಗಿ ಪೋಕರ್‌ನ ಒಂದು ಕೈ, ಅಂದರೆ ಒಂದು ಸುತ್ತಿನ ಆಟ ಹೇಳುತ್ತೇನೆ.

ದೊಡ್ಡ ಓಮಹಾ ಟೂರ್ನಿ. ಓಮಹಾ ಅಂದರೆ ಪೋಕರ್‌ನ ಒಂದು ಬಗೆ. ಎರಡನೇ ದಿನ. ನೀವೇ ಕೂತಿದ್ದೀರಿ ಅಂದುಕೊಳ್ಳಿ. ಇನ್ನು ಮೂರು ಜನ ಎದ್ದು ಹೋದರೆ ಉಳಿದವರಿಗೆಲ್ಲ ದುಡ್ಡು. ನಿಮ್ಮ ಕೈಯಲ್ಲಿ ನಾಲ್ಕು ಎಲೆ. ಅದರಲ್ಲಿ ಆಟೀನ್ ರಾಜ ಇದೆ, ಆಟೀನ್ ಹತ್ತು ಇದೆ. ಮೇಜಿನ ಮೇಲೆ ಐದೂ ಎಲೆ ಬಿದ್ದಾಗಿದೆ. ಆಟೀನ್ ಒಂಬತ್ತು, ಆಟೀನ್ ಆರು, ಆಟೀನ್ ಎರಡು, ಜೊತೆಗೆ ಕ್ಲಾವರ್ ನಾಲ್ಕು, ಇಸ್ಪೀಟ್ ಗುಲಾಮ. ಜೋಡಿ ಬಿದ್ದಿಲ್ಲ. ನಿಮ್ಮದು ರಾಜನ ಫ್ಲಶ್, ಅಂದರೆ ಒಂದೇ ಬಣ್ಣದ ಐದು ಎಲೆ, ಅದರಲ್ಲಿ ದೊಡ್ಡದು ರಾಜ. ನಿಮ್ಮನ್ನು ಸೋಲಿಸಬಲ್ಲದ್ದು ಒಂದೇ ಒಂದು: ಆಟೀನ್ ಎಕ್ಕ, ಅದರ ಪಕ್ಕದಲ್ಲಿ ಇನ್ನೊಂದು ಆಟೀನ್. ಎದುರಿಗಿರುವವನು ಇಷ್ಟು ಹೊತ್ತು ಸುಮ್ಮನೆ ಕೂತಿದ್ದ. ಈಗ ಬಾಯಿ ತೆರೆದು ಒಂದೇ ಮಾತು ಹೇಳಿದ: "ಪಾಟ್." ಮಧ್ಯದಲ್ಲಿ ಎಷ್ಟಿದೆಯೋ ಅಷ್ಟನ್ನೂ ಕಟ್ಟಿದ.

ಏನು ಮಾಡುತ್ತೀರಿ?

ನನ್ನ ಉತ್ತರ ಆಮೇಲೆ. ಮೊದಲು, ಈ ಪ್ರಶ್ನೆ ನನಗೆ ಯಾಕೆ ಇಷ್ಟು ಮುಖ್ಯ ಅಂತ ಹೇಳುತ್ತೇನೆ. ಪೋಕರ್ ಅಂದರೆ ನಮ್ಮ ಹುಡುಗರು ನೋಡುವುದು ಕ್ಲಿಪ್. ಮೂವತ್ತು ಸೆಕೆಂಡ್. ಒಬ್ಬ ಇದ್ದಬದ್ದ ಚಿಪ್ಸ್ ಎಲ್ಲ ಮುಂದಕ್ಕೆ ತಳ್ಳುತ್ತಾನೆ, ಇನ್ನೊಬ್ಬ ಎದ್ದು ನಿಲ್ಲುತ್ತಾನೆ, ಕೊನೆಯ ಎಲೆ ಬೀಳುತ್ತದೆ, ಕಿರುಚಾಟ. ಅದನ್ನೇ ಆಟ ಅಂದುಕೊಂಡು ಎಷ್ಟೋ ಹುಡುಗರು ದುಡ್ಡು ಕಳೆದುಕೊಂಡಿದ್ದಾರೆ. ಓಮಹಾ ಏನು ಅಂತ ತಿಳಿಯಬೇಕಾದರೆ ಎರಡನೇ ದಿನ ನೋಡಬೇಕು. ಆ ದಿನದ ಆಟ ಇರುವುದು ಎಸೆದ ಎಲೆಗಳಲ್ಲಿ. ಎಲೆ ಎಸೆದದ್ದನ್ನು ಯಾರೂ ಕ್ಲಿಪ್ ಮಾಡಿ ಹಾಕುವುದಿಲ್ಲ.

ಓಮಹಾ ಗೊತ್ತಿಲ್ಲದವರಿಗೆ ಎರಡು ಮಾತು. 1980ರ ದಶಕದ ಶುರುವಿನಲ್ಲಿ ಲಾಸ್ ವೇಗಸ್‌ನ ಗೋಲ್ಡನ್ ನಗ್ಗೆಟ್ ಕ್ಯಾಸಿನೊದಲ್ಲಿ ಇದನ್ನು ಆಡಿಸಲು ಶುರುಮಾಡಿದರು. ಆಗ ಅದಕ್ಕೆ ನಗ್ಗೆಟ್ ಹೋಲ್ಡೆಮ್ ಅನ್ನುತ್ತಿದ್ದರು. ಹೋಲ್ಡೆಮ್ ಅಂದರೆ ಎಲ್ಲರಿಗೂ ಗೊತ್ತಿರುವ ಪೋಕರ್. ಅದರಲ್ಲಿ ಕೈಗೆ ಎರಡು ಎಲೆ, ಓಮಹಾದಲ್ಲಿ ನಾಲ್ಕು. ಆದರೆ ಕೈಯಿಂದ ಸರಿಯಾಗಿ ಎರಡೇ ಬಳಸಬೇಕು, ಮೇಜಿನಿಂದ ಮೂರು. ಒಂದು ಜಾಸ್ತಿ ಇಲ್ಲ, ಒಂದು ಕಮ್ಮಿ ಇಲ್ಲ. ಹೊಸಬರು ಎಡವುವುದು ಇಲ್ಲೇ. ಮೇಜಿನ ಮೇಲೆ ನಾಲ್ಕು ಆಟೀನ್ ಬಿದ್ದು ಕೈಯಲ್ಲಿ ಆಟೀನ್ ಎಕ್ಕ ಒಂದೇ ಇದ್ದರೆ ಹೋಲ್ಡೆಮ್‌ನಲ್ಲಿ ಅದು ಫ್ಲಶ್. ಓಮಹಾದಲ್ಲಿ ಅಲ್ಲ.

ನಾಲ್ಕು ಎಲೆ ಅಂದರೆ ಒಳಗೆ ಆರು ಜೋಡಿ. ಹೋಲ್ಡೆಮ್‌ನಲ್ಲಿ ಕೈಗೆ ಬರಬಹುದಾದ ಎಲೆಗಳ ಜೋಡಣೆ 1,326. ಓಮಹಾದಲ್ಲಿ 2,70,725. ಎಂಟು ಜನ ಕೂತ ಮೇಜಿನಲ್ಲಿ 32 ಎಲೆ ಜನರ ಕೈಯಲ್ಲೇ ಇರುತ್ತವೆ. ಹಾಗಾಗಿ ಯಾರಿಗೋ ಏನೋ ಒಂದು ಒಳ್ಳೆಯದು ಸಿಕ್ಕೇ ಸಿಕ್ಕಿರುತ್ತದೆ. ಹೋಲ್ಡೆಮ್‌ನಲ್ಲಿ ರಾಜನ ಫ್ಲಶ್ ಬಂದರೆ ಹೆಚ್ಚಿನ ಸಲ ಕಣ್ಣು ಮುಚ್ಚಿ ಕಟ್ಟಬಹುದು. ಓಮಹಾದಲ್ಲಿ ಎರಡನೇ ಒಳ್ಳೆಯ ಎಲೆಯಷ್ಟು ದುಬಾರಿ ಬೇರೆ ಯಾವುದೂ ಇಲ್ಲ. ಕೆಟ್ಟ ಎಲೆ ನಿಮ್ಮ ದುಡ್ಡು ತಿನ್ನುವುದಿಲ್ಲ, ಅದನ್ನು ಮೊದಲೇ ಎಸೆದಿರುತ್ತೀರಿ. ತಿನ್ನುವುದು ಚೆನ್ನಾಗಿ ಕಾಣುವ ಎಲೆ.

ಓಮಹಾವನ್ನು ಹೆಚ್ಚಾಗಿ ಆಡುವುದು ಪಾಟ್ ಲಿಮಿಟ್‌ನಲ್ಲಿ, ಅಂದರೆ ಒಂದು ಸಲಕ್ಕೆ ಹೆಚ್ಚೆಂದರೆ ಮಧ್ಯದಲ್ಲಿರುವಷ್ಟು ಕಟ್ಟಬಹುದು. ಆ ಹೆಸರು ಕೇಳಿ, ಲಿಮಿಟ್ ಇದೆಯಲ್ಲ, ಭಯವಿಲ್ಲ ಅಂದುಕೊಳ್ಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಮೂರು ಎಲೆ ಬಿದ್ದಾಗ ಮಧ್ಯದಲ್ಲಿ 1,000 ಇದೆ. ಒಬ್ಬ 1,000 ಕಟ್ಟಿದ, ನೀವೂ ಕಟ್ಟಿದಿರಿ: 3,000. ನಾಲ್ಕನೇ ಎಲೆಗೆ ಮತ್ತೆ ಪಾಟ್: 9,000. ಐದನೇ ಎಲೆಗೆ ಮತ್ತೆ ಪಾಟ್: 27,000. ಸಾವಿರದ ಆಟಕ್ಕೆ ನಿಮ್ಮ ಕೈಯಿಂದ ಹೋದದ್ದು 13,000. ಅದಕ್ಕೇ ಮೊದಲನೇ ಸಾವಿರ ಕಟ್ಟುವಾಗಲೇ ಕೊನೆಯ ಒಂಬತ್ತು ಸಾವಿರದ ಯೋಚನೆ ಇರಬೇಕು. ಈ ಲೆಕ್ಕ ತಲೆಯಲ್ಲಿ ಓಡದಿದ್ದರೆ ಆ ಮೇಜಿಗೆ ಹೋಗಬಾರದು. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಈಗ ಎರಡನೇ ದಿನಕ್ಕೆ ಬರೋಣ. ಮೊದಲನೇ ದಿನ ಮುಗಿದಾಗ ಚಿಪ್ಸ್ ಎಣಿಸಿ, ಚೀಲಕ್ಕೆ ಹಾಕಿ, ಹೆಸರು ಬರೆದು ಸೀಲ್ ಮಾಡುತ್ತಾರೆ. ಮರುದಿನ ಬಂದರೆ ಜಾಗ ಬದಲಾಗಿರುತ್ತದೆ. ನಿನ್ನೆ ಹತ್ತು ಗಂಟೆ ಒಬ್ಬನ ಪಕ್ಕದಲ್ಲಿ ಕೂತು ಅವನ ಉಸಿರಾಟ ಸಹ ಗೊತ್ತು ಮಾಡಿಕೊಂಡಿದ್ದಿರಿ. ಇವತ್ತು ಅವನಿಲ್ಲ. ಸುತ್ತ ಹೊಸ ಮುಖಗಳು. ನಿನ್ನೆ ಚೀಲ ತುಂಬ ಚಿಪ್ಸ್ ಇದ್ದವನು ಇವತ್ತೂ ದೊಡ್ಡವನು ಅಂತೇನಿಲ್ಲ. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಸರದಿಯಂತೆ ಕಟ್ಟಲೇಬೇಕಾದ ಚಿಪ್ಸ್, ಏರುತ್ತಲೇ ಇರುತ್ತದೆ. ಅದೇ ಚಿಪ್ಸ್, ಬೆಲೆ ಮಾತ್ರ ಗಂಟೆಗಂಟೆಗೂ ಇಳಿಯುತ್ತದೆ.

ನಮ್ಮ ಕಾಫಿ ತೋಟದವರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಹೂಮಳೆ ಬಿತ್ತು, ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಯಿತು, ಊರೆಲ್ಲ ಘಮಘಮ. ಆವತ್ತು ಯಾರಾದರೂ ಈ ಸಲ ಇಷ್ಟು ಮೂಟೆ ಅಂತ ಲೆಕ್ಕ ಹಾಕುತ್ತಾರಾ? ಹಾಕುವುದಿಲ್ಲ. ಹೂವಿನ ಮೇಲೆ ಇನ್ನೊಂದು ಮಳೆ, ಬ್ಯಾಕಿಂಗ್ ಮಳೆ ಬರಬೇಕು. ಅದು ಹೊತ್ತಿಗೆ ಸರಿಯಾಗಿ ಬರದೆ ಹೋದರೆ ಹೂವು ಕಾಯಿ ಕಟ್ಟುವುದಿಲ್ಲ. ನಮ್ಮ ಅಜ್ಜ ಹೂವು ನೋಡಿ ಖುಷಿಪಟ್ಟದ್ದನ್ನು ನಾನು ಕಂಡಿಲ್ಲ. ಹೂವು ಬಂದ ಮೇಲೆ ದಿನಾ ಸಂಜೆ ಆಕಾಶ ನೋಡುತ್ತಾ ಜಗಲಿಯಲ್ಲಿ ಕೂರುತ್ತಿದ್ದರು. ಮೊದಲನೇ ದಿನದ ಚಿಪ್ಸ್ ಚೀಲ ನೋಡಿದಾಗಲೆಲ್ಲ ನನಗೆ ನೆನಪಾಗುವುದು ಅಜ್ಜ ಆ ಜಗಲಿಯಲ್ಲಿ ಕೂತಿದ್ದ ರೀತಿ.

ಅಜ್ಜನ ಜೊತೆ ಇಪ್ಪತ್ತೆಂಟು ಅನ್ನುವ ಎಲೆಯಾಟ ಆಡುತ್ತಿದ್ದೆವು. ಮಳೆಗಾಲದಲ್ಲಿ ಕರೆಂಟ್ ಇರುತ್ತಿರಲಿಲ್ಲ, ಲಾಟೀನ್ ಬೆಳಕಲ್ಲಿ. ಜಾಕಿಗೆ, ಅಂದರೆ ಗುಲಾಮನಿಗೆ, ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೆ ಒಂದು, ಹತ್ತಕ್ಕೆ ಒಂದು. ಎಲ್ಲ ಕೂಡಿದರೆ ಇಪ್ಪತ್ತೆಂಟು. ಅದರಲ್ಲೂ ಮೊದಲು ಕೈಗೆ ಬರುವುದು ನಾಲ್ಕೇ ಎಲೆ. ಆ ನಾಲ್ಕು ನೋಡಿ ಎಷ್ಟು ಅಂಕ ಗೆಲ್ಲುತ್ತೇವೆ ಅಂತ ಕೂಗಬೇಕು, ಉಳಿದ ನಾಲ್ಕು ಆಮೇಲೆ. ನಾನು ಎರಡು ಜಾಕಿ ಕಂಡ ಕೂಡಲೇ ಏರಿಸಿ ಕೂಗುತ್ತಿದ್ದೆ. ಅಜ್ಜ ಬೈಯುತ್ತಿರಲಿಲ್ಲ. ಆಟ ಮುಗಿದ ಮೇಲೆ ಎಲ್ಲರ ಎಲೆ ತಿರುಗಿಸಿ, ಯಾರ ಹತ್ತಿರ ಏನಿತ್ತು ಅಂತ ತೋರಿಸುತ್ತಿದ್ದರು. ಬೇರೆಯವರ ಕೈಯಲ್ಲೂ ಎಲೆ ಇರುತ್ತದೆ ಅನ್ನುವುದು ನನಗೆ ಅರ್ಥವಾದದ್ದು ಹಾಗೆ. ಓಮಹಾ ಕಲಿಯಲು ಕೂತಾಗ ನನಗೆ ಹೆಚ್ಚು ಸಹಾಯ ಮಾಡಿದ್ದು ಆ ಲಾಟೀನ್ ಬೆಳಕಿನ ಪಾಠ.

ಎರಡನೇ ದಿನದ ಅತಿ ಬಿಗಿಯಾದ ಹೊತ್ತು ಬಬಲ್, ಅಂದರೆ ಇನ್ನು ಕೆಲವೇ ಜನ ಎದ್ದರೆ ಉಳಿದವರಿಗೆಲ್ಲ ದುಡ್ಡು ಅನ್ನುವ ಹೊತ್ತು. ದೊಡ್ಡ ಟೂರ್ನಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ಹದಿನೈದು ಜನರಿಗೆ ಆಸುಪಾಸು ದುಡ್ಡು ಸಿಗುತ್ತದೆ. ಆ ಗೆರೆ ಹತ್ತಿರ ಬಂದಾಗ ಎಲ್ಲ ಮೇಜುಗಳೂ ಒಂದೊಂದೇ ಕೈ ಒಟ್ಟಿಗೆ ಆಡುತ್ತವೆ. ಒಂದು ಮೇಜಿನಲ್ಲಿ ಬೇಗ ಮುಗಿದರೂ ಕಾಯಬೇಕು, ಇನ್ನೊಂದು ಮೇಜು ಮುಗಿಯುವವರೆಗೆ. ನಾನು ನೋಡುವ ಟೂರ್ನಿ ವೇಗಸ್‌ನದು. ಅಲ್ಲಿನ ಬೇಸಿಗೆಯಲ್ಲಿ ವೇಗಸ್ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ ಒಂದಕ್ಕೆ ಶುರುವಾದರೆ ಇಲ್ಲಿ ರಾತ್ರಿ ಒಂದೂವರೆ. ಜೂನ್ ತಿಂಗಳ ಮಳೆಯಲ್ಲಿ, ಹೆಂಚಿನ ಮೇಲೆ ನೀರು ಸುರಿಯುವ ಸದ್ದಿನಲ್ಲಿ, ಈ ಕಾಯುವಿಕೆಯನ್ನು ನಾನು ರಾತ್ರಿಯಿಡೀ ಕೂತು ನೋಡಿದ್ದೇನೆ. ಪರದೆ ಮೇಲೆ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಆದರೆ ಆಟಗಾರರ ಬೆರಳು ನೋಡಿ. ಒಬ್ಬ ಎರಡು ಎಕ್ಕ ಇಟ್ಟುಕೊಂಡು ಹಿಂದೆ ಸರಿಯುತ್ತಾನೆ. ಅವನಿಗೆ ಗೊತ್ತು. ಹೋಲ್ಡೆಮ್‌ನಲ್ಲಿ ಎಕ್ಕದ ಜೋಡಿ ರಾಜನ ಜೋಡಿಯನ್ನು ಹತ್ತರಲ್ಲಿ ಎಂಟು ಸಲ ಹೊಡೆಯುತ್ತದೆ. ಓಮಹಾದಲ್ಲಿ ಎರಡು ಎಕ್ಕ ಇದ್ದರೂ, ಒಂದಕ್ಕೊಂದು ಅಂಟಿಕೊಂಡ ಐದು-ಆರು-ಏಳು-ಎಂಟರ ಎದುರು ಲೆಕ್ಕ ಹೆಚ್ಚು ಕಡಿಮೆ 60–40ರ ಸುತ್ತ ಬಂದು ನಿಲ್ಲುತ್ತದೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಇದು ನನಗೆ ತುಂಬಾ ಇಷ್ಟ. ಮೇಜಿನಲ್ಲಿ ಒಂಬತ್ತು, ಎಂಟು, ಎರಡು. ಕೈಯಲ್ಲಿ ಗುಲಾಮ, ಹತ್ತು, ಏಳು, ಆರು. ಇನ್ನೂ ಏನೂ ಆಗಿಲ್ಲ ನಿಮ್ಮ ಹತ್ತಿರ. ಆದರೆ ರಾಣಿ ಬಂದರೂ ಸ್ಟ್ರೇಟ್, ಅಂದರೆ ಸಾಲಾಗಿ ಐದು ಎಲೆ; ಗುಲಾಮ ಬಂದರೂ, ಹತ್ತು ಬಂದರೂ, ಏಳು, ಆರು, ಐದು ಬಂದರೂ ಸ್ಟ್ರೇಟ್. ಎಣಿಸಿದರೆ 20 ಎಲೆ. ಹೋಲ್ಡೆಮ್‌ನಲ್ಲಿ ಸ್ಟ್ರೇಟ್‌ಗೆ ಕಾಯುವವನಿಗೆ ಹೆಚ್ಚೆಂದರೆ ಎಂಟು. ಇದಕ್ಕೆ ರ‍್ಯಾಪ್ ಅನ್ನುತ್ತಾರೆ. ಆದರೆ ಈ ಇಪ್ಪತ್ತರಲ್ಲೂ ಎಲ್ಲವೂ ನಿಮ್ಮ ಸ್ನೇಹಿತರಲ್ಲ. ಐದು ಬಿದ್ದರೆ ನಿಮ್ಮದು ಒಂಬತ್ತರವರೆಗಿನ ಸ್ಟ್ರೇಟ್, ಅಷ್ಟು ಹೊತ್ತಿಗೆ ಮೇಜಿನಲ್ಲಿ ಅದೇ ಅತಿ ದೊಡ್ಡದು, ಸರಿ. ಆರು ಬಿದ್ದರೆ ಹತ್ತು-ಏಳು ನಿಮ್ಮ ಕೈಯಲ್ಲೇ ಇದೆ, ಸರಿ. ಆದರೆ ಹತ್ತು ಬಿದ್ದರೆ? ನಿಮ್ಮದು ಗುಲಾಮನವರೆಗೆ. ರಾಣಿ-ಗುಲಾಮ ಇಟ್ಟುಕೊಂಡವನು ಪಕ್ಕದಲ್ಲಿದ್ದರೆ ನೀವು ಎರಡನೆಯವರು. ಎಲೆ ಬರುವ ಮೊದಲೇ ಇದನ್ನೆಲ್ಲ ಬಿಡಿಸಿ ನೋಡುವವನು ಎರಡನೇ ದಿನ ದಾಟುತ್ತಾನೆ.

ಇದೆಲ್ಲ ಗೊತ್ತಿಲ್ಲದೆ ಆಡಿದವನ ಕಥೆ ನನಗೆ ಹತ್ತಿರದಿಂದ ಗೊತ್ತು. ನಮ್ಮ ಬೀದಿಯ ಹುಡುಗ. ಫೋನಿನಲ್ಲಿ ಓಮಹಾ ಕಲಿತ. ಕಲಿತ ಅನ್ನುವುದಕ್ಕಿಂತ ಒತ್ತುವುದು ಕಲಿತ. ಎಲ್ಲ ಎಲೆಗೂ ಪಾಟ್, ಪಾಟ್. ಅಕ್ಕನ ಮದುವೆಗೆ ಅಂತ ಇಟ್ಟಿದ್ದ ದುಡ್ಡು ಹೋಯಿತು. ಅವನಮ್ಮ ನನ್ನ ಹತ್ತಿರ ಬಂದು, "ಏನಪ್ಪಾ, ನೀನೂ ಇದೇ ಆಟ ನೋಡ್ತೀಯಂತೆ, ಇದರಲ್ಲಿ ಏನಿದೆ?" ಅಂತ ಕೇಳಿದರು. ಆ ಪ್ರಶ್ನೆಗೆ ಅವತ್ತು ಉತ್ತರ ಕೊಡಲಾಗಲಿಲ್ಲ. ಈ ವಿಡಿಯೊ ಮಾಡುತ್ತಿರುವುದು ಅದಕ್ಕೇ.

ಕಾನೂನಿನ ಬಗ್ಗೆ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. 2021ರಲ್ಲಿ ನಮ್ಮ ರಾಜ್ಯ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವುದನ್ನು ತಡೆಯಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯ್ದೆ ಮಾಡಿತು. ಆನ್‌ಲೈನ್‌ನಲ್ಲಿ ಹಣ ಕಟ್ಟಿಸಿ ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಕೌಶಲವೋ ಅದೃಷ್ಟವೋ ಅನ್ನುವ ವ್ಯತ್ಯಾಸವನ್ನೂ ಅದು ನೋಡುವುದಿಲ್ಲ. ಪೋಕರ್ ಕೌಶಲದ ಆಟ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೂ ಕಳ್ಳ ದಾರಿಯಲ್ಲಿ ಹೊರದೇಶದ ಆ್ಯಪ್ ಹಾಕಿಕೊಳ್ಳುವ ಹುಡುಗರಿಗೆ ಹೇಳುತ್ತೇನೆ: ಬೇಡ. ಅಲ್ಲಿ ದುಡ್ಡು ಸಿಕ್ಕಿಹಾಕಿಕೊಂಡರೆ ಕೇಳುವವರು ಯಾರೂ ಇಲ್ಲ.

ದೊಡ್ಡ ಗೆಲುವಿನ ಸುದ್ದಿಯನ್ನೂ ಪೂರ್ತಿ ಓದಬೇಕು. 2024ರಲ್ಲಿ ಬೆಂಗಳೂರಿನ ಸಂತೋಷ್ ಸುವರ್ಣ ಅವರು ವೇಗಸ್‌ನ ಪೋಕರ್ ವರ್ಲ್ಡ್ ಸೀರೀಸ್‌ನಲ್ಲಿ 54 ಲಕ್ಷ ಡಾಲರ್‌ಗೂ ಜಾಸ್ತಿ ಗೆದ್ದರು. ಅದು ಹೋಲ್ಡೆಮ್. ನಮ್ಮವರು ಅಂತ ಹೆಮ್ಮೆಪಟ್ಟೆ, ಈಗಲೂ ಪಡುತ್ತೇನೆ. ಆದರೆ ಆ ಟೂರ್ನಿಗೆ ಕೂರಲು ಕಟ್ಟಬೇಕಾದದ್ದೇ ಎರಡೂವರೆ ಲಕ್ಷ ಡಾಲರ್. ಇದನ್ನೂ ಹುಡುಗರಿಗೆ ಹೇಳಬೇಕು, ಅಲ್ವಾ?

ಸರಿ, ಆ ಕೈಗೆ ವಾಪಸ್ ಬರೋಣ. ರಾಜನ ಫ್ಲಶ್, ಎದುರಿನವನ ಪಾಟ್. ಎಕ್ಕ ಒಂದನ್ನೇ ಇಟ್ಟುಕೊಂಡು, ಪಕ್ಕದಲ್ಲಿ ಇನ್ನೊಂದು ಆಟೀನ್ ಇಲ್ಲದೆಯೂ ಹೀಗೆ ಹೆದರಿಸುವವರಿದ್ದಾರೆ. ಬಬಲ್ ಹೊತ್ತಿನಲ್ಲಿ ಚಿಪ್ಸ್ ಜಾಸ್ತಿ ಇರುವವರು ಇದನ್ನು ಬೇಕೆಂದೇ ಮಾಡುತ್ತಾರೆ. ಹಾಗಾದರೆ ಇವನು ಅಂಥವನಾ? ಉತ್ತರ ಎಲೆಯಲ್ಲಿಲ್ಲ. ಬೆಳಗ್ಗೆಯಿಂದ ಅವನು ಎಷ್ಟು ಸಲ ಎಲೆ ಎಸೆದ, ಎಷ್ಟು ಸಲ ತೋರಿಸಿದ, ಸೋತಾಗ ಏನು ಮಾಡಿದ, ಅದರಲ್ಲಿದೆ. ನೀವು ಫೋನ್ ನೋಡುತ್ತಾ ಕೂತಿದ್ದರೆ ಉತ್ತರ ಸಿಗುವುದಿಲ್ಲ. ನಾನಾಗಿದ್ದರೆ, ನಾಲ್ಕು ಗಂಟೆ ಸುಮ್ಮನಿದ್ದವನ ಎದುರು ರಾಜನನ್ನು ಎಸೆಯುತ್ತಿದ್ದೆ.

ನಮ್ಮ ಮನೆಯಲ್ಲಿ ಈಗ ಭಾನುವಾರ ಐದಾರು ಜನ ಸೇರುತ್ತೇವೆ. ದುಡ್ಡಿಲ್ಲ, ಕಾಫಿ ಬೀಜ ಇಟ್ಟು ಆಡುತ್ತೇವೆ. ತಲಾ ಇನ್ನೂರು ಬೀಜ. ಒಂಬತ್ತು ಗಂಟೆಗೆ ನಿಲ್ಲಿಸಿ, ಎಣಿಸಿ, ಲಕೋಟೆಗೆ ಹಾಕಿ, ಹೆಸರು ಬರೆದು ಅಂಟಿಸುತ್ತೇವೆ. ಮುಂದಿನ ಭಾನುವಾರ ಚೀಟಿ ಎತ್ತಿ ಜಾಗ ಬದಲಿಸಿ ಅಲ್ಲಿಂದಲೇ ಶುರು. ಎರಡನೇ ದಿನ ಕಲಿಯಲು ನನಗೆ ಕಂಡ ದಾರಿ ಇದು. ಆ ಬೀದಿಯ ಹುಡುಗನೂ ಬರುತ್ತಾನೆ, ಅವನಮ್ಮನಿಗೆ ಹೇಳಿಯೇ ಬರುತ್ತಾನೆ. ಹೋದ ವಾರ ಅವನ ಲಕೋಟೆಯಲ್ಲಿ 41 ಬೀಜ ಇದ್ದವು. ಮೇಜಿನ ಮೇಲೆ ಮೂರು ಕ್ಲಾವರ್, ಎದುರಿನಿಂದ ಪಾಟ್. ಹುಡುಗ ತುಂಬಾ ಹೊತ್ತು ಯೋಚಿಸಿದ. ಆಮೇಲೆ ಕ್ಲಾವರ್ ರಾಜನನ್ನು ಎಲ್ಲರಿಗೂ ತೋರಿಸಿ ಎಲೆ ಕೆಳಗಿಟ್ಟ, ಉಳಿದ ಬೀಜಗಳನ್ನು ಮತ್ತೆ ಎಣಿಸಿಕೊಂಡು ಕೂತ.